ಐದನೆಯ ಟೋಕನ್

ಇಂಗು, ಹುರಿದ ಬ್ಯಾಡಗಿ ಮೆಣಸಿನಕಾಯಿ, ಒಣಕೊಬ್ಬರಿ. ಜಯದೇವಿ ಚಿಕ್ಕವರಿದ್ದಾಗ ತುಮಕೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಮ್ಮ ಚಟ್ನಿಪುಡಿ ಕುಟ್ಟುವ ದಿನ ಈ ವಾಸನೆ ಸ್ಕೂಲಿನಿಂದ ಬರುವ ದಾರಿಯಲ್ಲೇ ಎದುರಾಗುತ್ತಿತ್ತು. ಪಕ್ಕದ ಮನೆಯ ಪಾಯಿಂಟ್ಸ್‌ಮನ್ನನ ಹೆಂಡತಿ ಸೀನುತ್ತ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳು ಬಾಯಿಬಿಟ್ಟು ಕೇಳುವ ಮೊದಲೇ ಅಮ್ಮ ಅವಳ ಬಟ್ಟಲು ತುಂಬಿಸುತ್ತಿದ್ದಳು.

ಅದೇ ವಾಸನೆ ಈಗ ಜಯದೇವಿಯವರ ಅಂಗೈ ಮೇಲಿದ್ದ ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆಯಿಂದ ಬರುತ್ತಿತ್ತು.

ಬ್ಯಾಂಕಾಕ್‌ನಲ್ಲಿ ನೆಲದಡಿ ಓಡುವ ಟ್ರೈನಿನ ಟೋಕನ್ ಅದು. ಭಾನು ತನ್ನ ತಾಯಿಯ ವಜ್ರದ ಓಲೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಚಟ್ನಿಪುಡಿ ಡಬ್ಬಿಯ ತಳದಲ್ಲಿ ಹುದುಗಿಸಿ, ಬೆಂಗಳೂರಿನಿಂದ ಬ್ಯಾಂಕಾಕ್ ಮಾರ್ಗವಾಗಿ ಮಿಷಿಗನ್ನಿನ ಸೌತ್‌ಫೀಲ್ಡ್‌ವರೆಗೆ ತಂದಿದ್ದಳು. ಮನೆಗೆ ಬಂದು ಗಂಟು ಬಿಚ್ಚಿದರೆ ಓಲೆ ಇರಲಿಲ್ಲ. ಇದು ಇತ್ತು.

"ಎಷ್ಟು ಸಲ ಮೂಸ್ತೀರಾ ಆಂಟಿ ಅದನ್ನ? ಪೊಲೀಸ್ ನಾಯಿ ಥರ," ಎಂದಳು ನಿರುಪಮಾ.

"ನಾಯಿಗಾದ್ರೆ ಸಂಬಳ ಕೊಡ್ತಾರಮ್ಮ," ಎಂದರು ಜಯದೇವಿ.

ಯಾರೂ ನಗಲಿಲ್ಲ. ಆ ಭಾನುವಾರ ಮಧ್ಯಾಹ್ನ ಭಾನು ಮನೆಯ ಲಿವಿಂಗ್ ರೂಮಿನಲ್ಲಿ ಯಾರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಭಾನು ಸೋಫಾದ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಚಿಕ್ಕಪ್ಪನ ಮಗಳು ನಿರುಪಮಾ. ಭಾನುವಿನ ಗಂಡ ಹರಿ ಕಿಟಕಿಯ ಹತ್ತಿರ, ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದ. ಏಪ್ರಿಲ್‌ನಲ್ಲಿ ಮದುವೆಯಾಗಬೇಕಿದ್ದ ಮಗಳು ಜಾನ್ವಿ ಮೆಟ್ಟಿಲ ಮೇಲೆ ಮಂಡಿಗೆ ಗಲ್ಲ ಒತ್ತಿಕೊಂಡಿದ್ದಳು. ಓಲೆ ಅವಳಿಗಾಗಿ ತಂದದ್ದು.

ಇಂಡಿಯಾದಿಂದ ವಾಪಸ್ ಬರುವಾಗ ಬ್ಯಾಂಕಾಕ್‌ನಲ್ಲಿ ಇಳಿದು ಊರು ನೋಡಿದವರು ಐದು ಜನ. ಜಯದೇವಿ, ಭಾನು, ಹರಿ, ನಿರುಪಮಾ ಇಲ್ಲೇ ಇದ್ದರು. ಐದನೆಯವಳು ಮನೆಯವರ ಹಳೆಯ ಗೆಳತಿ ಮಲಿಕಾ. ಅವಳಿಗೆ ಭಾನು ಬೆಳಿಗ್ಗೆ ಫೋನ್ ಮಾಡಿದ್ದಳು.

"ಫೋನಲ್ಲಿ ಏನಂದೆ?" ಜಯದೇವಿ ಕೇಳಿದರು.

"ಸೂಟ್‌ಕೇಸ್ ತಗೊಂಡು ಬಾ ಅಂದೆ. ಪ್ಯಾಕ್ ಮಾಡೋವಾಗ ನಂದೇನಾದ್ರೂ ಅದ್ರಲ್ಲಿ ಸೇರ್ಕೊಂಡಿರಬಹುದು, ನೋಡೋಣ ಅಂದೆ." ಭಾನು ಸ್ವೆಟರಿನ ಗುಂಡಿಯನ್ನು ತಿರುವುತ್ತಲೇ ಇದ್ದಳು. "ತಪ್ಪೇನಿದೆ ಹಾಗಂದ್ರೆ?"

"ನಿರುಪಮಾಗೂ ಸೂಟ್‌ಕೇಸ್ ತಾ ಅಂದ್ಯಾ? ನನಗಂತೂ ಹೇಳ್ಲಿಲ್ಲ."

ಉತ್ತರ ಕೊಟ್ಟವಳು ನಿರುಪಮಾ.

"ಆಂಟಿ, ಟೋಕನ್ ಎಲ್ಲಾ ಅವಳ ಕೈಯಲ್ಲಿ ತಾನೇ ಇದ್ದಿದ್ದು? ಮಷೀನಿಂದ ತೆಗೆದವಳೂ ಅವಳೇ, ಹಂಚಿದವಳೂ ಅವಳೇ. ಒಂದು ಎಕ್ಸ್‌ಟ್ರಾ ತಗೊಂಡಿದ್ರೆ ಯಾರಿಗೆ ಗೊತ್ತಾಗತ್ತೆ?"

"ಮಾಮ್, ದಿಸ್ ಈಸ್ ಸೋ ರಾಂಗ್," ಎಂದಳು ಜಾನ್ವಿ. "ಮಲಿಕಾ ಆಂಟಿ ಟಾಟ್ ಮೀ ಸ್ಟಿಚಿಂಗ್."

"ನೀನು ಸುಮ್ನಿರು. ನಿನಗೋಸ್ಕರ ತಾನೇ ಇದೆಲ್ಲ."

ಬೆಲ್ ಆಯಿತು.

ಎಲ್ಲರೂ ಬೆಚ್ಚಿದರು. ಇಪ್ಪತ್ತು ವರ್ಷ ಗರಾಜಿನ ಬಾಗಿಲಿನಿಂದ "ಅಕ್ಕಾ" ಎಂದು ಕೂಗುತ್ತ ಒಳಗೆ ಬಂದವಳು ಆ ದಿನ ಮುಂಬಾಗಿಲಿಗೆ ಬಂದು ಬೆಲ್ ಒತ್ತಿದ್ದಳು.

ಮಲಿಕಾ ಬೂಟು ಕಳಚಿ, ಚಕ್ರಕ್ಕೆ ಹತ್ತಿದ್ದ ಹಿಮವನ್ನು ಕರ್ಚೀಫಿನಿಂದ ಒರೆಸಿ, ಸೂಟ್‌ಕೇಸನ್ನು ಎಳೆಯದೆ ಎತ್ತಿಕೊಂಡು ಒಳಗೆ ಬಂದಳು. ಭಾನುವಿನ ಕಾರ್ಪೆಟ್ ಬಿಳಿ ಬಣ್ಣದ್ದು.

"ಎಲ್ಲಿಡ್ಲಿರಿ ಅಕ್ಕಾ?"

"ಕೂತ್ಕೋ ಮಲಿಕಾ. ಏನವಸರ…"

"ಇಲ್ಲೇ ಇಡ್ತೀನ್ರಿ. ಎಲ್ಲಾರಿಗೂ ಕಾಣ್ತೈತಿ."

"ಡ್ರೈವ್‌ವೇ ಕ್ಲೀನ್ ಮಾಡ್ಬೇಕು," ಎಂದ ಹರಿ. ಯಾರನ್ನೂ ನೋಡದೆ ಜಾಕೆಟ್ ಹಾಕಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಸಲಿಕೆ ಬರೀ ಸಿಮೆಂಟನ್ನು ಕೆರೆಯುವ ಸದ್ದು ಕೇಳತೊಡಗಿತು.

ಮಲಿಕಾ ಮಂಡಿಯೂರಿ ಕೂತು ಒಂದೊಂದೇ ತೆಗೆದಿಟ್ಟಳು. ನಮಾಜಿನ ಚಾಪೆ. ಹುಬ್ಬಳ್ಳಿಯಿಂದ ಮಗಳು ದಾನಿಯಾಗೆ ತಂದ ಚೂಡಿದಾರ. ಅರ್ಧ ಖಾಲಿಯಾದ ಪೇಡೆಯ ಡಬ್ಬ. ಒಳ ಉಡುಪುಗಳನ್ನು ಸುತ್ತಿಟ್ಟ ಒಂದು ಹಳೆಯ ದುಪಟ್ಟಾ.

"ಅದು ಬೇಡ," ಎಂದಳು ಭಾನು ಗಾಬರಿಯಿಂದ. "ಮಲಿಕಾ, ಅದು ಬೇಡ."

"ಯಾಕ್ ಬ್ಯಾಡ್ರಿ? ನೋಡೂದಾದ್ರ ಪೂರಾ ನೋಡ್ರಿ. ಅರ್ಧ ನೋಡಿದ್ರ ಆಮ್ಯಾಲೆ ನಿಮಗ ನಿದ್ದಿ ಬರಂಗಿಲ್ಲ."

ಅವಳು ದುಪಟ್ಟಾವನ್ನೂ ಬಿಚ್ಚಿದಳು. ಜಯದೇವಿ ತಮ್ಮ ಕಾಲ್ಬೆರಳುಗಳನ್ನು ನೋಡಿದರು. ನಿರುಪಮಾ ಟೀವಿಯನ್ನು ನೋಡಿದಳು. ಅದು ಆಫ್ ಆಗಿತ್ತು. ಜಾನ್ವಿ ಎದ್ದು ಮೇಲೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು.

ತಳದಲ್ಲಿ ಉಳಿದದ್ದು ಒಂದು ಬೂದು ಬಣ್ಣದ ಶಾಲು.

"ನಂದಲ್ಲದ್ದು ಅಂದ್ರ ಇದ್ರಾಗ ಇದೊಂದ ಐತ್ರಿ." ಮಲಿಕಾ ಅದನ್ನು ಜಯದೇವಿಯವರ ತೊಡೆಯ ಮೇಲಿಟ್ಟಳು. "ನಿಮ್ದು ಆಂಟಿ. ಬೋಟಿನ್ಯಾಗ ಬಿಟ್ಟು ಇಳಿದಿದ್ರಿ. ಅಂಚು ಹರಿದಿತ್ತು, ಹೊಲದು ಕೊಡೂಣಂತ ಇಟ್ಕೊಂಡಿದ್ದೆ."

ಒಗೆದು ಇಸ್ತ್ರಿ ಮಾಡಿದ ಶಾಲು. ಹರಿದಿದ್ದ ಜಾಗವನ್ನು ಬೆರಳಿಂದ ಸವರಿ ಹುಡುಕಬೇಕಾಯಿತು, ಅಷ್ಟು ಸಣ್ಣ ಹೊಲಿಗೆ. ಬ್ಯಾಂಕಾಕ್‌ನ ನದಿಯಲ್ಲಿ ಬಸ್ಸಿನ ಹಾಗೆ ಓಡುವ ಆ ದೋಣಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹಗ್ಗ ಬಿಗಿದ ಹಾಗೆ ಮಾಡಿ ಬಿಚ್ಚುತ್ತಾರೆ. ಶಾಲಿಗಾಗಿ ಇವಳು ಮತ್ತೆ ಅದರೊಳಕ್ಕೆ ಹಾರಿದ್ದಳೇ? ಹಾಗಾದರೆ ಮುಂದಿನ ದೋಣಿಕಟ್ಟೆಯಿಂದ ನಡೆದೇ ವಾಪಸ್ ಬಂದಿರಬೇಕು. ಆ ದಿನ ಎಲ್ಲರೂ ಅವಳು ತಡ ಮಾಡಿದಳೆಂದು ಗೊಣಗಿದ್ದರು.

"ಟೀ ಕುಡ್ಕೊಂಡು ಹೋಗು ಮಲಿಕಾ," ಎಂದಳು ಭಾನು. ಅಷ್ಟರಲ್ಲಿ ಮಲಿಕಾ ಸೂಟ್‌ಕೇಸಿನ ಜಿಪ್ ಎಳೆದಾಗಿತ್ತು.

"ಇವತ್ತ ಬ್ಯಾಡ್ರಿ."

ಅವಳು ಹೋದ ಮೇಲೆ ಭಾನು ಅಡಿಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಜಯದೇವಿ ಹಿಂದೆಯೇ ಹೋಗಿ ನಲ್ಲಿ ನಿಲ್ಲಿಸಿದರು.

"ನಾನು ಕೆಟ್ಟವಳಾ ಆಂಟಿ?"

"ಊಟಕ್ಕೆ ಬಡಿಸು. ಹರೀನ ಕರಿ."

"ಅವರೆಲ್ಲಿ ತಿಂತಾರೆ? ಈಗೀಗ ಆಫೀಸಿಗೆ ಡಬ್ಬೀನೂ ಬೇಡ ಅಂತಾರೆ. ಪ್ಲಾಂಟಿನ ಕ್ಯಾಂಟೀನೇ ಚೆನ್ನಾಗಿದೆಯಂತೆ."

ಜಯದೇವಿ ತಟ್ಟೆ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಮೀನಿನ ಸಾಸ್ ಬಿದ್ದಿರಬಹುದೆಂದು ಬ್ಯಾಂಕಾಕ್‌ನಲ್ಲಿ ಹೊರಗಿನ ಒಂದು ತುತ್ತನ್ನೂ ಮುಟ್ಟದ ಮನುಷ್ಯ ಹರಿ. ಹೋಟೆಲ್ ರೂಮಿನಲ್ಲಿ ಅನ್ನ ತರಿಸಿ, ಭಾನು ಹಾಕಿದ ಚಟ್ನಿಪುಡಿಯನ್ನೇ ಕಲಸಿಕೊಂಡು ತಿಂದಿದ್ದ. ತಳದ ಗಂಟು ಯಾರ ಕಣ್ಣಿಗೂ ಬೀಳಬಾರದೆಂದು ಭಾನು ಆ ಡಬ್ಬಿಯ ಚಮಚವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಬಡಿಸುತ್ತಿದ್ದಳು.

ಹೊರಗೆ ಸಲಿಕೆ ಇನ್ನೂ ಕೆರೆಯುತ್ತಲೇ ಇತ್ತು.

*

ಕಣ್ಣಿನ ಆಪರೇಷನ್ ಆದಮೇಲೆ ಜಯದೇವಿ ಕಾರು ಓಡಿಸುವುದನ್ನು ಬಿಟ್ಟಿದ್ದರು. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರಾದ ಊರೇ ಆದರೂ, ಯಾರಾದರೂ ಡ್ರೈವ್ ಮಾಡಿದರೆ ಮಾತ್ರ ಅವರಿಗೆ ಸೌತ್‌ಫೀಲ್ಡ್ ಬಾಗಿಲು ತೆರೆಯುತ್ತಿತ್ತು.

ಅದಕ್ಕೇ ಬ್ಯಾಂಕಾಕ್ ಅವರಿಗೆ ಅಷ್ಟು ಇಷ್ಟವಾಗಿದ್ದು. ಕಂಬಗಳ ಮೇಲೆ ಓಡುವ ಟ್ರೈನು, ನದಿಯ ದೋಣಿ, ಬಾಗಿಲೇ ಮುಚ್ಚದ ಬಸ್ಸು. ಯಾರ ಹಂಗೂ ಇಲ್ಲದೆ ಹತ್ತಬಹುದು, ಇಳಿಯಬಹುದು. ಬೆಳ್ಳಿಕೂದಲು ಕಂಡರೆ ಸಾಕು, ಸ್ಕೂಲ್ ಯೂನಿಫಾರ್ಮಿನ ಹುಡುಗಿಯರು ಎದ್ದು ಸೀಟು ಕೊಡುತ್ತಿದ್ದರು. ಕೊಟ್ಟು, ತಾವೇ ಏನೋ ತಪ್ಪು ಮಾಡಿದವರ ಹಾಗೆ ದೂರ ಹೋಗಿ ನಿಲ್ಲುತ್ತಿದ್ದರು.

ನೆಲದಡಿಯ ಟ್ರೈನನ್ನು ಹತ್ತಿದ್ದು ಒಂದೇ ದಿನ, ವಾರದ ಸಂತೆಗೆ ಹೋಗುವಾಗ. ಮಷೀನಿನ ಮುಂದೆ ಎಲ್ಲರೂ ಕಕ್ಕಾಬಿಕ್ಕಿಯಾದಾಗ ಮಲಿಕಾ ಮುಂದೆ ಬಂದು ಹೇಗೋ ಒತ್ತಿ ಟೋಕನ್ ತೆಗೆದಳು. ಜಯದೇವಿ ಅವಳ ಪಕ್ಕದಲ್ಲೇ ನಿಂತಿದ್ದರು. "ಇದು ಆಂಟಿದು, ಇದು ಭಾನು ಅಕ್ಕಂದು" ಎಂದು ಒಬ್ಬೊಬ್ಬರ ಕೈಗೂ ಇಟ್ಟು, ಕೊನೆಗೆ ತನ್ನದನ್ನು ಇಟ್ಟುಕೊಂಡಳು. ಹೆಚ್ಚಿಗೆ ಒಂದೂ ಇರಲಿಲ್ಲ. ಇದನ್ನು ಜಯದೇವಿ ಯಾವ ಕೋರ್ಟಿನಲ್ಲಾದರೂ ಹೇಳಬಲ್ಲರು.

ಇನ್ನೊಂದು ವಿಷಯವೂ ಅವರಿಗೆ ಚೆನ್ನಾಗಿ ನೆನಪಿತ್ತು. ಒಳಗೆ ಹೋಗುವಾಗ ಟೋಕನನ್ನು ಗೇಟಿಗೆ ತೋರಿಸಿದರೆ ಸಾಕು. ಹೊರಗೆ ಬರುವಾಗ ಗೇಟಿನ ಬಾಯಿಗೆ ಹಾಕಬೇಕು. ಹಾಕಿದ್ದನ್ನು ಗೇಟು ನುಂಗಿಬಿಡುತ್ತದೆ. ನೆನಪಿಗೆ ಇಟ್ಟುಕೊಳ್ಳುವ ಆಸೆಯಿಂದ ಅವರು ಹಾಕದೆ ನಿಂತಾಗ, ಕಾವಲಿನ ಹುಡುಗ ಕೈಮುಗಿದು, ನಕ್ಕು, ಮೆಲ್ಲನೆ ಅವರ ಬೆರಳುಗಳಿಂದ ಬಿಡಿಸಿ ತಾನೇ ಹಾಕಿದ್ದ.

ಅಂದಮೇಲೆ ಟ್ರೈನಿನಲ್ಲಿ ಹೋಗಿ ಇಳಿದವರ ಕೈಯಲ್ಲಿ ಟೋಕನ್ ಉಳಿಯುವುದಿಲ್ಲ. ಒಂದು ಉಳಿದಿದೆ ಎಂದರೆ ಐವರಲ್ಲಿ ಒಬ್ಬರಾದರೂ ಆ ಟ್ರೈನು ಹತ್ತಲೇ ಇಲ್ಲ.

ಜಯದೇವಿ, ಭಾನು, ಮಲಿಕಾ ಒಟ್ಟಿಗೇ ಹತ್ತಿ ಒಟ್ಟಿಗೇ ಇಳಿದಿದ್ದರು. ಹಿಂದುಳಿದ ಹರಿ, ನಿರುಪಮಾ ಮುಂದಿನ ಟ್ರೈನು ಹಿಡಿದೆವೆಂದು ಹೇಳಿ ಸಂತೆಯ ಗಡಿಯಾರ ಗೋಪುರದ ಹತ್ತಿರ ಬಂದು ಸೇರಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಜಯದೇವಿ ನಿರುಪಮಾಗೆ ಫೋನ್ ಮಾಡಿದರು. "ಸ್ಟರ್ಲಿಂಗ್ ಹೈಟ್ಸ್‌ವರೆಗೆ ಬಿಡ್ತೀಯೇನಮ್ಮ?"

ನಿರುಪಮಾ ಆ ದಿನ ರಜೆ ಹಾಕಿದ್ದಳು. ಶನಿವಾರ ಕನ್ನಡ ಕೂಟದಲ್ಲಿ ಅವಳ ಸ್ಲೈಡ್ ಶೋ ಇತ್ತು. ಹೆಸರು 'ಟ್ಯಾಕ್ಸಿ ಇಲ್ಲದೆ ಬ್ಯಾಂಕಾಕ್'. ಸಿಕ್ಸ್ ನೈಂಟಿ ಸಿಕ್ಸ್ ಹೈವೇ ಹತ್ತುವ ಮೊದಲೇ ಭಾಷಣದ ಪ್ರಾಕ್ಟೀಸ್ ಶುರುವಾಯಿತು.

"ಕೇಳಿ ಆಂಟಿ, ಬೋರ್ ಆದ್ರೆ ಹೇಳಿ. ಫ್ರೆಂಡ್ಸ್, ಹೊಸ ಊರಲ್ಲಿ ಅಂಡರ್‌ಗ್ರೌಂಡ್ ಅಂದ್ರೆ ಭಯ ಬೇಡ. ನೋಡಿ, ಎಷ್ಟು ಸಿಂಪಲ್. ಟೋಕನ್ ಗೇಟಿಗೆ ತೋರ್ಸಿ, ಒಳಗೆ ಹೋಗಿ. ಇಳಿದಮೇಲೆ ಹಾಗೇ ತೋರ್ಸಿ, ಹೊರಗೆ ಬನ್ನಿ. ಅಷ್ಟೇ!"

"ಚೆನ್ನಾಗಿದೆ," ಎಂದರು ಜಯದೇವಿ. "ಹೊರಗೆ ಬಂದಮೇಲೆ ಟೋಕನ್ ಏನ್ಮಾಡಿದೆ?"

"ಏನ್ಮಾಡೋದು? ಬ್ಯಾಗಿಗೆ ಹಾಕ್ಕೊಂಡೆ."

"ಬ್ಯಾಗಲ್ಲಿ ಈಗಲೂ ಇದೆಯಾ?"

"ಎಲ್ಲೋ ಬಿದ್ದೋಯ್ತು. ಯಾಕೆ?"

ಜಯದೇವಿ ಶಾಲನ್ನು ಹೊದ್ದುಕೊಂಡರು. ಇದನ್ನು ಮೆಲ್ಲಗೆ ಹೇಳುವ ದಾರಿಯನ್ನು ರಾತ್ರಿಯೆಲ್ಲ ಹುಡುಕಿದ್ದರು. ಸಿಕ್ಕಿರಲಿಲ್ಲ.

"ಹೊರಗೆ ಬರೋವಾಗ ತೋರ್ಸೋದಲ್ಲ ಕಣೇ. ಗೇಟಿನೊಳಗೆ ಹಾಕ್ಬೇಕು. ವಾಪಸ್ ಬರಲ್ಲ ಅದು. ಒಂದ್ಸಲ ಇಳಿದೋರಿಗೆ ಗೊತ್ತಿರತ್ತೆ."

ನಿರುಪಮಾ ಹೀಟರನ್ನು ಒಂದು ಹಂತ ಏರಿಸಿದಳು.

"ನೀವು ಮರ್ತಿದೀರಾ ಆಂಟಿ. ವಯಸ್ಸಾಯ್ತು."

"ವಯಸ್ಸಾಗಿದೆ. ಮರ್ತಿಲ್ಲ."

"ಹಾಗಾದ್ರೆ ನಾನು ಕಳ್ಳಿ ಅಂತೀರಾ?" ನಿರುಪಮಾಳ ಧ್ವನಿ ಏರಿತು. ಪಕ್ಕದ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆದು ಮುಂದೆ ಹೋಯಿತು. "ನಮ್ಮನೇಲಿ ಏನು ಕಮ್ಮಿ ಇದೆ ಅಂತ ನಾನು ಅಕ್ಕನ ಓಲೆ ತಗೋಬೇಕು? ಹೇಳಿ!"

"ಕಳ್ಳಿ ಅಂತ ಹೇಳಿದ್ನಾ? ಟ್ರೈನ್ ಹತ್ತಲಿಲ್ಲ ಅಂದೆ. ರೋಡು ನೋಡಮ್ಮ."

ನಿರುಪಮಾ ಮುಂದಿನ ಎಕ್ಸಿಟ್‌ನಲ್ಲೇ ಇಳಿದು, ಒಂದು ಗ್ಯಾಸ್ ಸ್ಟೇಷನ್ನಿನ ಮೂಲೆಯಲ್ಲಿ ಕಾರು ನಿಲ್ಲಿಸಿದಳು. ಸ್ಟಿಯರಿಂಗ್ ಮೇಲಿಂದ ಕೈ ತೆಗೆಯಲಿಲ್ಲ.

"ನೀವು ಮೂರೂ ಜನ ಒಳಗೆ ಹೋದ್ರಿ. ನೋಡ್ತಾ ಇದ್ದೆ, ತೋರಿಸಿದ್ರಿ, ಗೇಟ್ ತೆಗೀತು. ಅಷ್ಟೇ ನಾನು ನೋಡಿದ್ದು." ಅವಳು ಎದುರಿನ ಗಾಜನ್ನೇ ನೋಡುತ್ತಿದ್ದಳು. "ಗೇಟಿನ ಆಚೆ ಆ ಎಸ್ಕಲೇಟರ್ ಇತ್ತಲ್ಲ, ಕೆಳಗೆ ಹೋಗ್ತಾನೇ ಇತ್ತು. ಬಾವಿ ಥರ. ನನ್ನ ಕಾಲೇ ಬರ್ಲಿಲ್ಲ ಆಂಟಿ. ಹಿಂದೆ ಕ್ಯೂ. ಪುಟ್ಟ ಮಕ್ಕಳೆಲ್ಲ ನನ್ನ ದಾಟ್ಕೊಂಡು ಇಳೀತಿದ್ವು. ನಾನು ಗೋಡೆ ಹಿಡ್ಕೊಂಡು ನಿಂತಿದ್ದೆ. ವರ್ಷಕ್ಕೆ ಎರಡು ಸಲ ಎಲ್ಲರಿಗೂ ಟ್ರಾವೆಲ್ ಟಿಪ್ಸ್ ಈಮೇಲ್ ಮಾಡೋಳು!"

"ಆಮೇಲೆ?"

"ಹರಿ ಭಾವ ನನ್ನ ಜೊತೆ ನಿಂತ್ರು. ನಗಲಿಲ್ಲ. ಮೇಲೆ ಕರ್ಕೊಂಡು ಬಂದು, ಯಾರ್ಯಾರನ್ನೋ ಕೇಳಿ, ಬಸ್ ಹತ್ತಿಸಿದ್ರು. ಯಾರಿಗೂ ಹೇಳಲ್ಲ ಅಂದ್ರು. ಹೇಳ್ಲೂ ಇಲ್ಲ." ನಿರುಪಮಾ ಕಣ್ಣೊರೆಸಿಕೊಂಡಳು. "ಬಸ್ಸಲ್ಲಿ ಕಂಡಕ್ಟರ್ ಒಬ್ಬಳು ಹೆಂಗಸು. ಕೊಳವೆ ಥರದ ತಗಡಿನ ಡಬ್ಬಿ ಹಿಡ್ಕೊಂಡು ಟಕಟಕ ಅನ್ನಿಸ್ಕೊಂಡು ಬಂದಳು. ಒಂದು ಕೈಯಲ್ಲಿ ನನ್ನ ಕೈನ ಗಟ್ಟಿಯಾಗಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಟಿಕೆಟ್ ಹರಿದಳು. ಸಂತೆ ಬರೋವರೆಗೂ ನನ್ನ ಪಕ್ಕ ಬಿಟ್ಟು ಹೋಗ್ಲಿಲ್ಲ. ಅವಳ ಫೋಟೋ ಕೂಡ ನಾನು ತೆಗೀಲಿಲ್ಲ ಆಂಟಿ. ತೆಗೆದಿದ್ರೆ ಬಸ್ಸಲ್ಲಿ ಹೋಗಿದ್ದು ಗೊತ್ತಾಗತ್ತಲ್ಲ."

"ಸ್ಲೈಡ್ ಶೋಗೆ ಅದೇ ಚೆನ್ನಾಗಿರ್ತಿತ್ತು," ಎಂದರು ಜಯದೇವಿ. ಆಮೇಲೆ ಕೇಳಿದರು, "ನಿನ್ನ ಟೋಕನ್?"

ನಿರುಪಮಾ ಸ್ಟಿಯರಿಂಗಿಗೆ ಹಣೆ ಒತ್ತಿದಳು.

"ಭಾವ ಇಸ್ಕೊಂಡ್ರು. ಎರಡನ್ನೂ ವಾಪಸ್ ಮಾಡ್ತೀನಿ ಕೊಡು ಅಂದ್ರು."

"ಗಂಟಲ್ಲಿ ಟೋಕನ್ ಸಿಕ್ಕಾಗಲೇ ನಿನಗೆ ಗೊತ್ತಾಯ್ತಾ?"

"ಆಗಲೇ."

"ಗೊತ್ತಿದ್ದೂ ನಿನ್ನೆ ಮಲಿಕಾ ಮೇಲೆ ಹೇಳಿದೆ."

"ಭಾನು ಅಕ್ಕನ ಸಂಸಾರ ಆಂಟಿ! ಏಪ್ರಿಲ್‌ನಲ್ಲಿ ಮದುವೆ. ಕಾರ್ಡೆಲ್ಲ ಹಂಚಿಯಾಗಿದೆ. ಅಪ್ಪನೇ ತಗೊಂಡ ಅಂತ ಗೊತ್ತಾದ್ರೆ ಆ ಹುಡುಗಿ ಏನಾಗ್ಬೇಕು?" ಅವಳ ಮಾತು ಸಣ್ಣದಾಗುತ್ತ ಬಂತು. "ಮಲಿಕಾ ಆದ್ರೆ… ಹೊರಗಿನವಳು. ನಾಲ್ಕು ದಿನ ಬೇಜಾರು ಮಾಡ್ಕೋತಾಳೆ, ಮರೀತಾಳೆ ಅಂದ್ಕೊಂಡೆ."

ಹೇಳಿದ ಮಾತು ತನ್ನ ಕಿವಿಗೇ ಬಿದ್ದವಳಂತೆ ನಿರುಪಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಕುತ್ತಿಗೆಯಿಂದ ಕೆನ್ನೆಯವರೆಗೆ ಕೆಂಪಾಯಿತು. ಜಯದೇವಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ನಡಿ," ಎಂದರು. "ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನನ್ನನ್ನ ಮಲಿಕಾ ಅಂಗಡಿ ಹತ್ರ ಬಿಡು."

"ನಾನು ಒಳಗೆ ಬರಲ್ಲ ಆಂಟಿ. ಆಗಲ್ಲ ನನ್ನ ಕೈಲಿ."

"ಬಾ ಅಂತ ಹೇಳ್ಲಿಲ್ವಲ್ಲ."

*

ಮಲಿಕಾ ಮತ್ತು ಅವಳ ಗಂಡ ನಜೀರ್‌ನ ಅಂಗಡಿ ಮಳಿಗೆಗಳ ಒಂದು ಸಣ್ಣ ಸಾಲಿನ ಕೊನೆಯಲ್ಲಿತ್ತು. ಬಟ್ಟೆ ಆಲ್ಟರೇಷನ್, ಡ್ರೈಕ್ಲೀನಿಂಗ್. ನಜೀರ್ ಡೆಲಿವರಿಗೆ ಹೋಗಿದ್ದ. ಮಲಿಕಾ ಹೊಲಿಗೆ ಮಷೀನಿನ ಮುಂದಿನಿಂದ ಎದ್ದು, ತನ್ನ ಕುರ್ಚಿಯನ್ನೇ ಹೀಟರಿನ ಪಕ್ಕಕ್ಕೆ ಎಳೆದು ಹಾಕಿದಳು.

"ಕೂಡ್ರಿ ಆಂಟಿ. ಕೈ ಎಷ್ಟು ತಣ್ಣಗಾಗ್ಯಾವ!"

ಜಯದೇವಿ ಕೂರಲಿಲ್ಲ. "ಟೋಕನ್ ನೀನು ಇಟ್ಟದ್ದಲ್ಲ ಅಂತ ನಾನು ಎಲ್ಲರ ಮುಂದೆ ತೋರಿಸಬಲ್ಲೆ ಮಲಿಕಾ. ಯಾರ ಹತ್ರ ಇತ್ತು ಅಂತಾನೂ ಗೊತ್ತಾಗಿದೆ."

ಮಲಿಕಾ ಕತ್ತರಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು.

"ಹೆಸರ ಹೇಳಬ್ಯಾಡ್ರಿ."

"ಯಾಕೆ? ಗೊತ್ತಾ ನಿನಗೆ?"

"ಗೊತ್ತಿಲ್ರಿ. ಗೊತ್ತ ಮಾಡ್ಕೊಳ್ಳಾಕ ಮನಸಿಲ್ಲ." ಅವಳು ಥಟ್ಟನೆ ತಿರುಗಿದಳು. "ನಾ ಏನ್ ದೊಡ್ಡ ದೇವತಿ ಅಲ್ರಿ ಆಂಟಿ. ನಿನ್ನೆ ಮನಿಗೆ ಬಂದು ಎರಡು ತಟ್ಟಿ ಒಡದೀನಿ ಸಿಟ್ಟಿಗೆ. ನಾ ನನ್ನ ಸಾಮಾನ ಒಂದೊಂದ ತೆಗಿಯೂ ಹೊತ್ತಿಗೆ ಹರಿ ಅಣ್ಣಾರು ಹೊರಗ ಬರ್ಫ ಎತ್ತಾಕತ್ತಿದ್ರು. ಬರ್ಫ ಎಲ್ಲಿತ್ರಿ ಅಲ್ಲೆ? ಬೆಳಿಗ್ಗೇನ ಎತ್ತಿದ್ರಲ್ಲ."

ಹೀಟರ್ ಒಮ್ಮೆ ಗುಡುಗಿ ನಿಂತಿತು. ಕೌಂಟರಿನ ಮೇಲೆ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದರ ಹಿಡಿಗೆ ಕೆಂಪು ದಾರ ಕಟ್ಟಿತ್ತು.

"ಎರಡ್ಯಾಕೆ?" ಎಂದು ಕೇಳಿದರು ಜಯದೇವಿ.

"ಒಂದು ನಮ್ಮ ಮನಿಯವರದು." ದಾರ ಕಟ್ಟಿದ್ದನ್ನು ಮಲಿಕಾ ಕೈಗೆತ್ತಿಕೊಂಡಳು. "ಇದಕ್ಕ ಬ್ಯಾರೆ ಪಾತ್ರಿ ಇಟ್ಟೀನ್ರಿ. ಬರೀ ಕಾಯಿಪಲ್ಯ. ಅದಲು ಬದಲು ಆಗಬಾರದಂತ ದಾರ."

ಕ್ಯಾಂಟೀನ್ ಚೆನ್ನಾಗಿದೆಯಂತೆ, ಎಂದಿದ್ದಳು ಭಾನು. ಜಯದೇವಿ ಮೆಲ್ಲನೆ ಕುರ್ಚಿಯಲ್ಲಿ ಕೂತರು.

"ಯಾವಾಗಿಂದ?"

"ದಸರಾ ಮುಂದ ಪ್ಲಾಂಟಿನ್ಯಾಗ ಭಾಳ ಮಂದೀನ ತೆಗದ್ರಲ್ಲ, ಆವಾಗ್ಲಿಂದ. ಮನ್ಯಾಗ ಹೇಳಿಲ್ಲ. ದಿನಾ ಟೈ ಕಟ್ಕೊಂಡು ಬರ್ತಾರ. ನಮ್ಮ ಅಂಗಡಿ ಹಿಂದ ಕಾರ್ ಹಚ್ಚಿ ಕುಂದರ್ತಾರ. ಒಳಗ ಬರ್ರಿ ಅಂದ್ರ ಬರಂಗಿಲ್ಲ." ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿದಳು. "ಆ ಟವರ್ ಬಿದ್ದ ಸೆಪ್ಟೆಂಬರಿನ್ಯಾಗ ಯಾರೋ ನಮ್ಮ ಅಂಗಡಿ ಗಾಜು ಒಡದ್ರು, ನೆನಪೈತೇನ್ರಿ? ದಿನಾ ಕೆಲಸ ಮುಗಿಸಿ ಬಂದು, ಹೊರಗ ಒಂದು ಕುರ್ಚಿ ಹಾಕ್ಕೊಂಡು ಕುಂತಿದ್ರು ಹರಿ ಅಣ್ಣಾರು. ಪೇಪರ್ ಓದಿದಂಗ ಮಾಡ್ಕೋತ. ಯಾಕ ಕುಂತಾರಂತ ನಾವೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ."

"ಅದಕ್ಕೆ ನೀನು ಕಳ್ಳಿ ಅನ್ನಿಸ್ಕೊಂಡು ಇರ್ತೀಯಾ? ನಿನಗೂ ಮಗಳಿದ್ದಾಳೆ."

ಮಲಿಕಾಳ ಕಣ್ಣು ತುಂಬಿತು, ಆದರೆ ಗಲ್ಲ ಗಟ್ಟಿಯಾಗಿತ್ತು. "ಇರಂಗಿಲ್ರಿ. ದಾನಿಯಾ ನಿನ್ನೆಯಿಂದ ನನ್ನ ಕೂಡ ಮಾತಾಡವಲ್ಲಳು. ಯಾಕ ಸೂಟ್‌ಕೇಸ್ ತಗೊಂಡು ಹೋದಿ ಅಂತ. ಆದ್ರ ಅವರ ಬಾಯಿಂದನ ಬರ್ಲಿ. ನೀವು ತೋರಿಸಿ ಬಿಡಿಸಿದ್ರ ನನ್ನ ಹೆಸರು ಉಳಿತೈತಿ, ಆ ಮನಿಷ್ಯಾ ಉಳಿಯಂಗಿಲ್ಲ."

ಅವಳು ಹಿಂಬಾಗಿಲು ತೆರೆದಳು. ಜಯದೇವಿ ಶಾಲು ಹೊದ್ದು ಅವಳ ಹಿಂದೆ ಬಾಗಿಲವರೆಗೆ ಬಂದರು.

ಕೊಳೆಯಾದ ಹಿಮದ ಗುಡ್ಡೆಯ ಪಕ್ಕ ಹರಿಯ ಬೂದು ಕಾರು ನಿಂತಿತ್ತು. ಎಂಜಿನ್ ಆಫ್ ಆಗಿತ್ತು. ಒಳಗಿನ ಗಾಜಿನ ಮೇಲೆ ಉಸಿರು ಹೆಪ್ಪುಗಟ್ಟಿತ್ತು. ಕಿಟಕಿ ಕೆಳಗಿಳಿಯಿತು. ಹರಿ ಮುಖ ಎತ್ತದೆ ಶುಕ್ರವಾರದ ಖಾಲಿ ಡಬ್ಬಿಯನ್ನು ಹೊರಗೆ ಚಾಚಿದ. ತೊಳೆದು ಒರೆಸಿದ ಡಬ್ಬಿ.

ಮಲಿಕಾ ಅದನ್ನು ತೆಗೆದುಕೊಂಡಳು. ಒಳಗೆ ಏನೋ ಗಲಗಲ ಅಂದಿತು.

ಅವಳು ಮುಚ್ಚಳ ತೆಗೆದಳು. ತಿರುಗಿ ಡಬ್ಬಿಯನ್ನು ಜಯದೇವಿಯವರ ಮುಂದೆ ಹಿಡಿದಳು. ಮಿಷಿಗನ್ನಿನ ಆ ಮಂಕು ಬೆಳಕಿನಲ್ಲೂ ಏಳು ಕಲ್ಲುಗಳು ಉರಿಯುತ್ತಿದ್ದವು. ಕಲ್ಲುಗಳ ಸಂದಿನಲ್ಲಿ ಕೆಂಪು ಪುಡಿ ಅಂಟಿತ್ತು. ಇಂಗಿನ ವಾಸನೆ.

ಒಂದು ಓಲೆ.

ಹರಿ ಆಗ ಜಯದೇವಿಯವರನ್ನು ನೋಡಿದ. ಓಡಿಹೋಗುವ ಮನುಷ್ಯನ ಮುಖವಲ್ಲ ಅದು. ಎಷ್ಟೋ ದಿನದಿಂದ ಸಿಕ್ಕಿಬೀಳಲು ಕಾಯುತ್ತಿದ್ದವನ ಮುಖ.

"ಮಾರೋಕೆ ಹೋದೆ ಆಂಟಿ. ಆಗ್ಲಿಲ್ಲ. ನಿನ್ನೆ ಇವಳು ಆ ದುಪಟ್ಟಾ ಬಿಚ್ಚಿದ್ದು ಹೊರಗಿಂದ ಕಾಣಿಸ್ತು…" ಅವನು ಟೈ ಸಡಿಲಿಸಿಕೊಂಡ. "ಇವತ್ತು ಸಾಯಂಕಾಲ ಭಾನುಗೆ ನಾನೇ ಹೇಳ್ತೀನಿ. ಎಲ್ಲರ ಮುಂದೆ."

"ಇನ್ನೊಂದು ಎಲ್ಲಿ ಹರಿ?" ಜಯದೇವಿ ಕೇಳಿದರು.

"ಅದೇ ನನಗೂ ಅರ್ಥ ಆಗ್ತಿಲ್ಲ."

"ಅಂದ್ರೆ?"

"ಹೋಟೆಲಲ್ಲಿ ಭಾನು ಸ್ನಾನಕ್ಕೆ ಹೋದಾಗ ಗಂಟು ಬಿಚ್ಚಿದೆ. ಒಳಗೆ ಒಂದೇ ಇತ್ತು. ಒಂದೊಂದನ್ನ ಒಂದೊಂದು ಕಡೆ ಇಟ್ಟಿದ್ದಾಳೆ ಅಂದ್ಕೊಂಡೆ. ಭಾನು ಮುಟ್ಟಿ ನೋಡಿದ್ರೆ ಕೈಗೆ ಗಟ್ಟಿ ಸಿಗಲಿ ಅಂತ ಟೋಕನ್ ಹಾಕಿ ಕಟ್ಟಿದೆ." ಅವನ ಉಸಿರು ಬಿಳಿಯಾಗಿ ಹೊರಬಂತು. "ಇಲ್ಲಿ ಬಂದಮೇಲೆ ಎರಡೂ ಹೋಯ್ತು ಅಂತ ಭಾನು ಅತ್ತಾಗಲೇ ಗೊತ್ತಾಗಿದ್ದು. ದೇವರಾಣೆಗೂ ಆಂಟಿ, ನನಗಿಂತ ಮೊದಲೇ ಯಾರೋ ಅದನ್ನ ಬಿಚ್ಚಿದ್ದರು."

ಜಯದೇವಿ ಓಲೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು. ಬೆಂಗಳೂರು ಬಿಟ್ಟಾಗಿನಿಂದ ಬ್ಯಾಂಕಾಕ್‌ನ ಆ ಹೋಟೆಲ್ ರೂಮಿನವರೆಗೆ, ಆ ಡಬ್ಬಿಯ ಚಮಚ ಒಬ್ಬಳ ಕೈಬಿಟ್ಟು ಇನ್ನೊಬ್ಬರ ಕೈಗೆ ಹೋಗಿರಲಿಲ್ಲ. ನಿನ್ನೆ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತವಳು ಅವಳು. ನಾನು ಕೆಟ್ಟವಳಾ ಆಂಟಿ, ಎಂದು ಕೇಳಿದವಳು. ಮೊದಲ ಓಲೆ ತೆಗೆದವಳು ಅವಳೇ; ಯಾಕೆಂಬುದನ್ನು ಅವಳೇ ಹೇಳಬೇಕು.

ಹರಿ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದ. ಅವನಿಗೆ ಹೊಳೆದಿರಲಿಲ್ಲ. ಮಲಿಕಾಗೆ ಹೊಳೆದಿತ್ತು. ಅವಳು ಜಯದೇವಿಯವರ ಕಡೆ ಒಂದು ಸಲ ನೋಡಿ, ತಲೆ ಅಲ್ಲಾಡಿಸಿದಳು, ಈಗ ಬೇಡ ಎನ್ನುವ ಹಾಗೆ.

ಆಮೇಲೆ ಕೆಂಪು ದಾರ ಕಟ್ಟಿದ ಡಬ್ಬಿಯನ್ನು ದುಪಟ್ಟಾದ ಅಂಚಿನಿಂದ ಒರೆಸಿ, ಕಿಟಕಿಯೊಳಗೆ ಅವನ ಕೈಗಿಟ್ಟಳು.